ಬೈಪಾಸನ್ನೇ ನುಂಗಿದ ಊರು

ತುಂಬಾ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸಿನಲ್ಲಿ ಒಂದು ರಿಲೀಸು, ಅದರ ಬೆನ್ನಿಗೇ ಇನ್ನೊಂದು ರಿಲೀಸು... ಸೋಮಾರಿತನಕ್ಕೆ ನೆಪಗಳಿಗೇನು ಬರವೇ, ಬಿಡಿ :-) ಮೊನ್ನೆ ಊರಿಗೆ ಹೋಗಿ ಬಂದಾಗಿನಿಂದ ಒಂದು ಶಬ್ದ ತಲೆಯೊಳಗೆ ಕೊರೆಯುತ್ತಿದೆ. ಬರೆದುಬಿಟ್ಟರೆ ಸಮಾಧಾನವಾದೀತು ಅಂತ ಕೂತಿದ್ದೇನೆ.

ಬೆಂಗಳೂರಿನ ರಾತ್ರಿ ಬಸ್ಸಿನಿಂದ ಪಂಪ್‌ವೆಲ್‌ನಲ್ಲಿ ಇಳಿದು, ರಿಕ್ಷಾ ಹಿಡಿದು ಜೆಪ್ಪಿನಮೊಗರಿನ ದೊಡ್ಡಪ್ಪನ ಮನೆಗೆ ಹೋದೆ. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ದೊಡ್ಡಪ್ಪ ತಲೆಯೆತ್ತಿ, "ಬೈಪಾಸಿನಲ್ಲೇ ಬಂದ್ಯಾ?" ಅಂದರು. ನಾನು ಹುಟ್ಟಿದಾಗಿನಿಂದ ಕೇಳಿದ ಮಾತೇ. ಆದರೆ ಆವತ್ತು ಯಾಕೋ ನಗು ಬಂತು. ಆ ರಸ್ತೆಯ ಎರಡೂ ಬದಿಗೆ ಶೋರೂಮು, ಆಸ್ಪತ್ರೆ, ಮದುವೆ ಹಾಲು, ಫ್ಲ್ಯಾಟು. ಊರಿನ ಮಧ್ಯದಲ್ಲೇ ಹೋಗುವ ರಸ್ತೆಗೆ ಎಂತದ್ದು ಬೈಪಾಸು? ಈಗ ನಮ್ಮ ವಯಸ್ಸಿನವರ್ಯಾರೂ ಹಾಗೆ ಹೇಳುವುದಿಲ್ಲ, 'ಹೈವೇ' ಅಂತೇವೆ. ದೊಡ್ಡಪ್ಪನ ಪ್ರಾಯದವರ ಬಾಯಲ್ಲಿ ಮಾತ್ರ ಅದಿನ್ನೂ ಬೈಪಾಸು.

ಅಂದರೆ ಒಂದಾನೊಂದು ಕಾಲದಲ್ಲಿ ಅದು ನಿಜವಾಗಿಯೂ ಊರಿನ ಹೊರಗಿತ್ತು ಅಂತಾಯಿತಲ್ಲ? ಹಾಗಾದರೆ ಊರು ಅದನ್ನು ಯಾವಾಗ ನುಂಗಿತು? ಮಂಗಳೂರಿನವರಲ್ಲದ ಓದುಗರಿಗಾಗಿ ಸ್ವಲ್ಪ ಹಿಂದಿನಿಂದ ಶುರುಮಾಡುತ್ತೇನೆ.

ಮಂಗಳೂರು ಅಂದರೆ ಎರಡು ಹೊಳೆಗಳ ನಡುವಿನ ಊರು. ತೆಂಕಣಕ್ಕೆ ನೇತ್ರಾವತಿ, ಬಡಗಣಕ್ಕೆ ಗುರುಪುರ ಹೊಳೆ (ಫಲ್ಗುಣಿ ಅಂತಲೂ ಕರೆಯುತ್ತಾರೆ), ಪಡುವಣಕ್ಕೆ ಕಡಲು. ಕಾಸರಗೋಡಿನಿಂದ ಉಡುಪಿಗೆ ಹೋಗುವವರು ಎರಡೂ ಹೊಳೆ ದಾಟಲೇಬೇಕು. ನೇತ್ರಾವತಿಯ ಮೇಲೆ 1907ರಲ್ಲೇ ರೈಲು ದಾಟಿ ಮಂಗಳೂರಿಗೆ ಬಂತು. ಮೂಡಲಿನ ದಾರಿಯಲ್ಲಿ ಪಾಣೆಮಂಗಳೂರಿನ ಕಬ್ಬಿಣದ ಸೇತುವೆ 1914ರದ್ದು. ಆದರೆ ಉಳ್ಳಾಲದ ಕಡೆಯಿಂದ ರಸ್ತೆಯಲ್ಲಿ ಪೇಟೆಗೆ ಬರುವವರಿಗೆ ಅದಾದ ಮೇಲೂ ಎಷ್ಟೋ ವರ್ಷ ದೋಣಿಯೇ ಗತಿ. ರೈಲಿಗೆ ಸಿಕ್ಕಿದ ಸೇತುವೆ ಮನುಷ್ಯರ ಬಸ್ಸಿಗೆ ಸಿಗಲು ಸ್ವಾತಂತ್ರ್ಯ ಬರಬೇಕಾಯಿತು. ಉತ್ತರದಲ್ಲಿ ಕೂಳೂರಿನ ಕಮಾನು ಸೇತುವೆ 1952ರಲ್ಲಿ ಬಂತು. ಆಗ ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿತ್ತು, ಕನ್ನಡನಾಡಿಗೆ ಸೇರಿದ್ದು 1956ರ ನವೆಂಬರ್ 1ಕ್ಕೆ.

ಈ ಕಾಲದ ಯಾವ ಕೆಲಸದ ಬಗ್ಗೆ ಕೇಳಿದರೂ ಮಂಗಳೂರಿನ ಹಿರಿಯರು ಹೇಳುವುದು ಒಂದೇ ಹೆಸರು, ಉಳ್ಳಾಲ ಶ್ರೀನಿವಾಸ ಮಲ್ಯ. 1965ರಲ್ಲಿ ತೀರಿಕೊಳ್ಳುವವರೆಗೂ ಸಂಸದರಾಗಿದ್ದವರು. 1951ರ ಬಜ್ಪೆ ವಿಮಾನ ನಿಲ್ದಾಣ, 1960ರ ಸುರತ್ಕಲ್ ಇಂಜಿನಿಯರಿಂಗ್ ಕಾಲೇಜು, ಪಣಂಬೂರಿನ ಬಂದರು, ಕರಾವಳಿಯ ಹೆದ್ದಾರಿ, ಅದರ ಸೇತುವೆಗಳು, ಎಲ್ಲದರ ಹಿಂದೆಯೂ ಅವರ ಓಡಾಟ ಇತ್ತು. ಹೆದ್ದಾರಿಗೆ ಸಿಕ್ಕಿದ ನಂಬರು 17. ಮುಂಬಯಿ ಹತ್ತಿರದ ಪನ್ವೇಲಿನಿಂದ ಹೊರಟು ಗೋವಾ, ಕಾರವಾರ, ಮಂಗಳೂರು ಹಾದು ಕೇರಳಕ್ಕೆ ಹೋಗುವ ದಾರಿ. ಬೆಂಗಳೂರಿನಿಂದ ಬರುವುದು 48, ಸೊಲ್ಲಾಪುರದಿಂದ ಮೂಡುಬಿದಿರೆಯಾಗಿ ಬರುವುದು 13. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರು ಕೊಟ್ಟಾಗ ಇವು 66, 75, 169 ಆದವು. ದೊಡ್ಡಪ್ಪನಿಗೆ ಮಾತ್ರ ಇನ್ನೂ 'ಎನ್‌ಎಚ್ ಹದಿನೇಳೇ'.

ಹಳೆಯ ರಸ್ತೆ ಕೂಳೂರಿನಿಂದ ಕೊಟ್ಟಾರ, ಲೇಡಿಹಿಲ್, ಲಾಲ್‌ಬಾಗ್ ಅಂತ ನೇರ ಪೇಟೆಯ ಹೊಟ್ಟೆಯೊಳಗೆ ಹೋಗುತ್ತಿತ್ತು. ಪೇಟೆಯಲ್ಲಿ ಕೆಲಸವಿಲ್ಲದ ಲಾರಿಗಳು ಪೇಟೆಗೆ ಬರುವುದು ಬೇಡ ಅಂತ ಹೆದ್ದಾರಿಯನ್ನು ಕೊಟ್ಟಾರ ಚೌಕಿಯಿಂದ ಮೂಡಕ್ಕೆ ತಿರುಗಿಸಿದರು. ಕದ್ರಿ ಗುಡ್ಡದ ಬೆನ್ನಿನ ಮೇಲೆ ಕೆಪಿಟಿ, ಪದವು, ನಂತೂರು, ಅಲ್ಲಿಂದ ಇಳಿದು ಪಂಪ್‌ವೆಲ್, ಎಕ್ಕೂರು, ಜೆಪ್ಪಿನಮೊಗರಿನ ಗದ್ದೆಗಳ ನಡುವೆ ಏರಿ ಹಾಕಿ ನೇತ್ರಾವತಿ ಸೇತುವೆ. ಇದೇ ದೊಡ್ಡಪ್ಪನ ಬೈಪಾಸು. ನಮ್ಮ ಅಜ್ಜನ ಒಂದು ಗದ್ದೆಯೂ ಆ ಏರಿಯ ಅಡಿಗೆ ಹೋಯಿತಂತೆ. "ಆಗ ಗಂಟೆಗೊಂದು ಲಾರಿ. ನಾವು ಅದರ ಮೇಲೆ ಭತ್ತ ಒಣಗಿಸುತ್ತಿದ್ದೆವು ಮಾರಾಯ" ಅಂತಾರೆ ದೊಡ್ಡಪ್ಪ.

ಈಗ ನಮ್ಮ ಮನೆಯ ವಿಷಯ. ರಸ್ತೆ ಬಂದು ಕೆಲವು ವರ್ಷಗಳಾದ ಮೇಲೆ ದೊಡ್ಡಪ್ಪ ಮನೆಯ ಮುಂದೆ, ರಸ್ತೆಗೆ ಮುಖ ಮಾಡಿ, ಮೂರು ಅಂಗಡಿ ಕೋಣೆ ಕಟ್ಟಿಸಿದರು. ಒಂದರಲ್ಲಿ ಗ್ಯಾರೇಜು, ಒಂದರಲ್ಲಿ ಚಾ ಹೋಟೆಲು, ಇನ್ನೊಂದರಲ್ಲಿ ದಿನಸಿ. ಆ ಬಾಡಿಗೆಯಲ್ಲೇ ತಮ್ಮನನ್ನು, ಅಂದರೆ ನನ್ನಪ್ಪನನ್ನು, ಕಾಲೇಜು ಓದಿಸಿದರು. ನಮ್ಮನ್ನು ನೋಡಿ ಪಕ್ಕದ ಮನೆಯವರು ಕಟ್ಟಿಸಿದರು, ಅವರನ್ನು ನೋಡಿ ಆಚೆಯವರು. ಲಾರಿಯವರು ಚಾ ಕುಡಿಯಲು ನಿಲ್ಲಿಸಿದರು, ಲಾರಿ ನಿಲ್ಲುತ್ತದೆ ಅಂತ ಪಂಕ್ಚರ್ ಅಂಗಡಿ ಬಂತು, ಜನ ಸೇರಿದರು ಅಂತ ಬಸ್‌ಸ್ಟಾಪು ಬಂತು. ಬಸ್‌ಸ್ಟಾಪು ಬಂದಮೇಲೆ ಸೈಟಿಗೆ ರೇಟು ಬಂತು! ಬೈಪಾಸನ್ನು ನುಂಗಿದ ಊರು ಅಂದರೆ ಬೇರೆ ಯಾರೂ ಅಲ್ಲ, ನಾವೇ.

ಅದೇ ಹೊತ್ತಿಗೆ ಆ ರಸ್ತೆಯ ಮೇಲಿನ ಹೊರೆಯೂ ಏರುತ್ತಾ ಹೋಯಿತು. ಪಣಂಬೂರು 1974ರಲ್ಲಿ ದೇಶದ ಒಂಬತ್ತನೇ ದೊಡ್ಡ ಬಂದರು ಎಂದು ಘೋಷಣೆಯಾಯಿತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಅದರ ಬೆನ್ನಿಗೆ ರಸಗೊಬ್ಬರ ಕಾರ್ಖಾನೆ, 90ರ ದಶಕದಲ್ಲಿ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕ. ಬಂದರು ಊರಿನ ಬಡಗು ತುದಿಯಲ್ಲಿ, ಬೆಂಗಳೂರಿನ ದಾರಿ ಮೂಡು ತುದಿಯಲ್ಲಿ. ನಡುವೆ ಇರುವುದು ಈ ಬೈಪಾಸು ಮತ್ತು ನಂತೂರಿನಿಂದ ಪಡೀಲಿಗೆ ಹೋಗುವ ಇನ್ನೊಂದು ಬೈಪಾಸು.

ಇದರ ಮೇಲೆ ಇನ್ನೊಂದು ಸಂಗತಿ ಸೇರಿಕೊಂಡಿತು. 1979ರಲ್ಲಿ ಮುಗಿದಿದ್ದ ಹಾಸನ-ಮಂಗಳೂರು ಮೀಟರ್‌ಗೇಜ್ ರೈಲುದಾರಿಯನ್ನು ಬ್ರಾಡ್‌ಗೇಜ್ ಮಾಡಲೆಂದು 1996ರಲ್ಲಿ ಮುಚ್ಚಿದರು. ಗೂಡ್ಸ್ ರೈಲು ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ಅಷ್ಟು ವರ್ಷ ಘಟ್ಟದ ಮೇಲಕ್ಕೂ ಕೆಳಕ್ಕೂ ಹೋಗುವ ಸಾಮಾನಿಗೆಲ್ಲ ರಸ್ತೆಯೇ ದಾರಿ. ರಫ್ತಿನ ಅದಿರು ಹೊತ್ತ ಲಾರಿಗಳ ಸಾಲೂ ಅದೇ ರಸ್ತೆಯಲ್ಲಿ. 2010ರ ಜುಲೈಯಲ್ಲಿ ಸರಕಾರ ಅದಿರು ರಫ್ತು ನಿಲ್ಲಿಸುವ ತನಕ ಶಿರಾಡಿಯ ರಸ್ತೆ ರಸ್ತೆಯಾಗಿ ಉಳಿದಿರಲಿಲ್ಲ. ಗ್ಯಾಸ್ ಟ್ಯಾಂಕರುಗಳಂತೂ ನಮಗೆ ದಿನನಿತ್ಯದ ನೋಟ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಅಂಥದೊಂದು ಟ್ಯಾಂಕರ್ ಮಗುಚಿ ಬೆಂಕಿ ಹತ್ತಿದಾಗ ಸತ್ತವರಲ್ಲಿ ರಸ್ತೆ ಬದಿಯ ಮನೆಗಳವರೂ ಇದ್ದರು. ಆವತ್ತು ರಾತ್ರಿ ದೊಡ್ಡಮ್ಮ ಗೇಟಿನ ಹತ್ತಿರ ನಿಂತು ಸುಮ್ಮನೆ ರಸ್ತೆ ನೋಡುತ್ತಿದ್ದದ್ದು ನನಗಿನ್ನೂ ನೆನಪಿದೆ.

ಎರಡು ಲೇನು ಸಾಲದಾಯಿತು. ಮೊದಲು ಬಂದರಿನ ರಸ್ತೆ ಅಂತ ಸುರತ್ಕಲ್‌ನಿಂದ ನಂತೂರು, ಪಡೀಲಾಗಿ ಬಿ.ಸಿ.ರೋಡಿನವರೆಗೆ 37 ಕಿಲೋಮೀಟರ್ ಚತುಷ್ಪಥ ಮಾಡಲು ಹೊರಟರು. ಸುರತ್ಕಲ್, ಕೂಳೂರು, ಕೊಟ್ಟಾರ ಚೌಕಿಗಳಲ್ಲಿ ಫ್ಲೈಓವರ್ ಬಂತು. ಹೆದ್ದಾರಿಗಳೆಲ್ಲ ಬಂದು ಕೂಡುವ ನಂತೂರಿನಲ್ಲಿ ಮಾತ್ರ ಬರೀ ಸರ್ಕಲ್! ಅಲ್ಲಿ ಓವರ್‌ಪಾಸಿನ ಕೆಲಸಕ್ಕೆ ಕೈಹಾಕಿದ್ದು ಈಚಿನ ವರ್ಷಗಳಲ್ಲಿ. ಆಮೇಲೆ 2010ರ ಹೊತ್ತಿಗೆ ತಲಪಾಡಿ-ಕುಂದಾಪುರ ಚತುಷ್ಪಥ. ನಮ್ಮ ಮೂರು ಅಂಗಡಿ ಕೋಣೆ, ಅಂಗಳ, ಅಂಗಳದ ಬಾವಿ ಹೋದದ್ದು ಇದರಲ್ಲಿ. ಪರಿಹಾರದ ಫೈಲು ಯಾವ್ಯಾವುದೋ ಮೇಜಿನ ಮೇಲೆ ಕೂತು ಎದ್ದು, ಕೊನೆಗೆ ದುಡ್ಡು ಬಂತು. ಅದನ್ನು ದೊಡ್ಡಪ್ಪ ಎಫ್‌ಡಿ ಇಟ್ಟರು. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಆ ಎಫ್‌ಡಿ ಮುರಿದು. ಹಾಗಾಗಿ ಹೆದ್ದಾರಿಯನ್ನು ಬೈಯಲು ಹೊರಟಾಗೆಲ್ಲ ನನ್ನ ಬಾಯಿ ಅರ್ಧಕ್ಕೇ ನಿಲ್ಲುತ್ತದೆ. ಅಪ್ಪ ಓದಿದ್ದು ರಸ್ತೆ ಬದಿಯ ಬಾಡಿಗೆಯಲ್ಲಿ, ನಾನು ಓದಿದ್ದು ರಸ್ತೆ ನುಂಗಿದ ಬಾವಿಯ ದುಡ್ಡಲ್ಲಿ.

ಪಂಪ್‌ವೆಲ್ ಫ್ಲೈಓವರ್ ಕತೆ ನಿಮಗೆಲ್ಲ ಗೊತ್ತಿರಬಹುದು, ಮೊಬೈಲಿನಲ್ಲಿ ಜೋಕುಗಳು ದೇಶಾಂತರ ಹೋಗಿದ್ದವಲ್ಲ :-) ನಾನು ಹೈಸ್ಕೂಲಿನಲ್ಲಿದ್ದಾಗ ಶುರುವಾದ ಯೋಜನೆ. ಡಿಗ್ರಿ ಮುಗಿಸಿ, ಬೆಂಗಳೂರಿಗೆ ಬಂದು, ಕೆಲಸಕ್ಕೆ ಸೇರಿದ ಮೇಲೆ, 2020ರ ಜನವರಿ 31ಕ್ಕೆ ಅದರ ಉದ್ಘಾಟನೆ. ಅಷ್ಟು ವರ್ಷದಲ್ಲಿ ಎಷ್ಟು ಡೆಡ್‌ಲೈನ್ ದಾಟಿತೋ! ನಮ್ಮ ಪ್ರಾಜೆಕ್ಟ್ ಮ್ಯಾನೇಜರು ಡೆಡ್‌ಲೈನ್ ಅಂದಾಗೆಲ್ಲ ನನಗೆ ನೆನಪಾಗುವುದು ಪಂಪ್‌ವೆಲ್ಲೇ.

ನಾವೊಬ್ಬರೇ ಹೀಗಾ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಪ್ರೆಸ್ಟನ್. ಬ್ರಿಟನ್ನಿನ ಮೊಟ್ಟಮೊದಲ ಮೋಟಾರ್‌ವೇ ಒಂದು ಬೈಪಾಸೇ! ಪ್ರೆಸ್ಟನ್ ಎಂಬ ಊರನ್ನು ಬಳಸಿ ಹೋಗಲು ಸುಮಾರು 13 ಕಿಲೋಮೀಟರ್, 1958ರ ಡಿಸೆಂಬರ್ 5ರಂದು ಉದ್ಘಾಟನೆ. ಮಜಾ ಏನು ಗೊತ್ತಾ? 46 ದಿನಕ್ಕೇ ಅದನ್ನು ಮುಚ್ಚಿದರು, ಹಿಮಕ್ಕೆ ರಸ್ತೆ ಕಿತ್ತುಹೋಗಿತ್ತು. ದೊಡ್ಡಪ್ಪನಿಗೆ ಹೇಳಿದರೆ ಹೊಟ್ಟೆ ಹಿಡಿದು ನಕ್ಕರು. ಆದರೆ ಅವರ ಎರಡು ಬುದ್ಧಿವಂತಿಕೆ ನೋಡಿ. ಮುಂದೆ ಮೂರನೇ ಲೇನು ಬೇಕಾದೀತು ಅಂತ ಮೊದಲ ದಿನವೇ ಅದಕ್ಕೆ ಜಾಗ ಬಿಟ್ಟಿದ್ದರು. ಇನ್ನೊಂದು, ಮೋಟಾರ್‌ವೇಗೆ ಯಾರೂ ತಮ್ಮ ಮನೆಯ, ಅಂಗಡಿಯ ಬಾಗಿಲು ತೆರೆಯುವ ಹಾಗಿಲ್ಲ. ರಸ್ತೆಯ ಅಂಚಿನಲ್ಲಿ ಉದ್ದಕ್ಕೆ ಕಟ್ಟಡ ಕಟ್ಟಿಕೊಂಡು ಹೋಗುವುದನ್ನು ತಡೆಯಲು ಅವರು 1935ರಲ್ಲೇ ಒಂದು ಕಾಯ್ದೆ ಮಾಡಿದ್ದರು. ಮುಂಚೆಯೇ ಕೈ ಸುಟ್ಟುಕೊಂಡಿದ್ದರು ಅಂತ ಕಾಣುತ್ತದೆ.

ನಮ್ಮಲ್ಲೂ ಕಾಯ್ದೆಗಳಿಗೆ ಕಡಿಮೆಯಿಲ್ಲ. ರಾಜ್ಯದ ಹೆದ್ದಾರಿ ಕಾಯ್ದೆ 1964ರದ್ದು, ಕೇಂದ್ರದ ಹೆದ್ದಾರಿ ಜಾಗ ಮತ್ತು ಸಂಚಾರ ನಿಯಂತ್ರಣ ಕಾಯ್ದೆ 2002ರದ್ದು. ಬಾಗಿಲಿಲ್ಲದ ರಸ್ತೆ ಮಾಡಲು ಬರುವುದಿಲ್ಲ ಅಂತಲೂ ಅಲ್ಲ, ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇ 2002ರಲ್ಲಿ ಪೂರ್ತಿಯಾಯಿತು. ಆದರೆ ಬೈಪಾಸು ಅಂದಾಗ ನಾವು ರಸ್ತೆಯೊಂದನ್ನೇ ಕಟ್ಟುತ್ತೇವೆ, ಅದರ ಪಕ್ಕದ ಖಾಲಿ ಜಾಗವನ್ನು ಖಾಲಿ ಉಳಿಸಿಕೊಳ್ಳುವುದಿಲ್ಲ. ಅಂಗಡಿ ಕಟ್ಟಿದವರ ತಪ್ಪೂ ಅಲ್ಲ ಅದು. ಗದ್ದೆ ಹೋದವನಿಗೆ ಹೊಟ್ಟೆಪಾಡಿಗೆ ಬೇರೆ ದಾರಿ ತೋರಿಸದೆ, ಮನೆಯೆದುರು ದುಡ್ಡು ಹರಿಯುವ ರಸ್ತೆ ಹಾಕಿಕೊಟ್ಟರೆ ಅವನು ಬಾಗಿಲು ತೆರೆಯದೆ ಇನ್ನೇನು ಮಾಡಿಯಾನು? ಸರ್ವೀಸ್ ರೋಡು ಮೊದಲು ಮಾಡಿ, ಅಂಗಡಿಗಳೆಲ್ಲ ಅದಕ್ಕೆ ಮುಖ ಮಾಡಲಿ ಅಂದಿದ್ದರೆ ಬಾಡಿಗೆಯೂ ಬರುತ್ತಿತ್ತು, ಬೈಪಾಸೂ ಉಳಿಯುತ್ತಿತ್ತು. ನಮ್ಮಲ್ಲಿ ಸರ್ವೀಸ್ ರೋಡು ಬರುವುದು ಎಲ್ಲಕ್ಕಿಂತ ಕೊನೆಗೆ, ಅದೂ ಬಂದರೆ.

ಜನ ಸುಮ್ಮನಿದ್ದರು ಅಂತಲ್ಲ. ಸುರತ್ಕಲ್ ಟೋಲ್‌ಗೇಟ್ ಬೇಡ ಅಂತ ವರ್ಷಗಟ್ಟಲೆ ಹೋರಾಡಿದರು, 2022ರ ಡಿಸೆಂಬರ್ 1ರಿಂದ ಅಲ್ಲಿ ವಸೂಲಿ ನಿಂತಿತು. ಸುಂಕದ ವಿಷಯಕ್ಕೆ ಒಟ್ಟಾದವರು ಬೀದಿ ದಾಟುವ ವಿಷಯಕ್ಕೂ ಒಟ್ಟಾಗಬಹುದಿತ್ತೇನೋ ಅಂತ ನನಗೊಂದು ಆಸೆ.

ಯಾಕೆಂದರೆ ಮುಂದಿನ ಬೈಪಾಸಿನ ಮಾತು ವರ್ಷಗಳಿಂದ ಕೇಳುತ್ತಿದೆ. ಮೂಲ್ಕಿಯಿಂದ ಕಟೀಲು, ಕೈಕಂಬ, ಪೊಳಲಿ, ಬಿ.ಸಿ.ರೋಡ್ ಸುತ್ತಿ ತೊಕ್ಕೊಟ್ಟಿಗೆ ಬರುವ ಹೊರವರ್ತುಲ ರಸ್ತೆ. ಬೇಡ ಅಂತ ನಾನು ಹೇಳುವುದಿಲ್ಲ, ಲಾರಿ, ಟ್ಯಾಂಕರುಗಳು ಊರಿನ ಹೊರಗೆ ಹೋಗಲೇಬೇಕು. ಆದರೆ ಪೊಳಲಿಯ ಯಾವುದೋ ಗದ್ದೆಯ ಅಂಚಿನಲ್ಲಿ ಈಗಲೇ ಯಾರೋ ಒಬ್ಬರು ದೊಡ್ಡಪ್ಪ ಮೂರು ಅಂಗಡಿ ಕೋಣೆಯ ಲೆಕ್ಕ ಹಾಕುತ್ತಿರಬಹುದು, ಅವರ ತಮ್ಮನ ಮಗನ ಫೀಸಿಗೆ. ಅವರಿಗೆ ಏನು ಹೇಳಬೇಕು ಅಂತ ರಸ್ತೆಗೆ ಗೆರೆ ಎಳೆಯುವ ಮೊದಲೇ ಯೋಚಿಸದಿದ್ದರೆ, ನನ್ನ ಮಕ್ಕಳ ಕಾಲಕ್ಕೆ ಅದೂ ಊರಿನ ಮಧ್ಯದ ರಸ್ತೆಯೇ.

ಹೊರಡುವ ದಿನ ದೊಡ್ಡಮ್ಮನಿಗೆ ಆಚೆ ಬದಿಯ ಬಸ್‌ಸ್ಟಾಪಿಗೆ ಹೋಗಬೇಕಿತ್ತು. ನಾನೂ ಜತೆಗೆ ಹೋದೆ. ಡಿವೈಡರಿನ ಮೇಲೆ ನಾಲ್ಕೈದು ನಿಮಿಷ ನಿಂತೆವು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ನನ್ನ ಅಂಗಿಯ ತೋಳು ಗಟ್ಟಿ ಹಿಡಿದಿದ್ದರು. ನಾನು ಊರಿನಲ್ಲಿ ಇಲ್ಲದ ದಿನಗಳಲ್ಲಿ ಹೇಗೆ ದಾಟುತ್ತೀರಿ ಅಂತ ಕೇಳಿದೆ. "ಯಾರಾದರೂ ಕಾಲೇಜಿನ ಮಕ್ಕಳು ಸಿಗ್ತಾರೆ" ಅಂದರು.

ನಿಮ್ಮ ಊರಿನಲ್ಲೂ ಹೀಗೊಂದು ಬೈಪಾಸು ಇದ್ದೇ ಇರುತ್ತದೆ. ಅದರ ಮೇಲೆ ಭತ್ತ ಒಣಗಿಸಿದವರು ಯಾರಾದರೂ ಇನ್ನೂ ಇದ್ದರೆ ಕೇಳಿ ನೋಡಿ, ಬರೆಯಿರಿ. ಓದಲು ಕಾಯುತ್ತಿರುತ್ತೇನೆ.