ಸಹಿ ಯಾರದು?

ನನ್ನ ಪಿಎಚ್.ಡಿ. ಅಧ್ಯಯನ ವಸಾಹತು ಕಾಲದ ಕಾನೂನುಗಳ ಬಗ್ಗೆ. ಮನೆಯಲ್ಲಿ ಯಾರೂ ಅದರ ಬಗ್ಗೆ ಹೆಚ್ಚು ಕೇಳುವುದಿಲ್ಲ, ಚಿಕ್ಕಮ್ಮ ಒಬ್ಬಳನ್ನು ಬಿಟ್ಟರೆ. ಹೋದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಲ್ಯಾಪ್‌ಟಾಪಿನಲ್ಲಿ 1912ರ ಇಂಡಿಯನ್ ಲೂನಸಿ ಆಕ್ಟ್ ತೆರೆದಿಟ್ಟುಕೊಂಡು ಟಿಪ್ಪಣಿ ಮಾಡುತ್ತಿದ್ದೆ. ಅದೇನು ಎಂದು ಕೇಳಿದಳು, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ನನ್ನನ್ನ ಸೇರಿಸೋವಾಗ ಯಾರು ಸಹಿ ಹಾಕಿದ್ರು ಅಂತ ಅದ್ರಲ್ಲಿ ಇರತ್ತಾ?” ಅಂದಳು.

1999ರಲ್ಲಿ, ನಾನಿನ್ನೂ ಪುಟ್ಟ ಮಗುವಾಗಿದ್ದಾಗ, ಧರ್ಮಸ್ಥಳಕ್ಕೆ ಹೋಗೋಣ ಅಂತ ಹೇಳಿ ಅವಳನ್ನು ಕಾರಿಗೆ ಹತ್ತಿಸಿದ್ದರು. ಕಾರು ನಿಂತದ್ದು ಒಂದು ಆಸ್ಪತ್ರೆಯ ಮುಂದೆ. ಎರಡು ತಿಂಗಳು ಅಲ್ಲಿದ್ದಳು. ಚಿಕಿತ್ಸೆಯಿಂದ ಅವಳಿಗೆ ಉಪಕಾರವಾಯಿತು, ಅದನ್ನು ಅವಳೇ ಹೇಳುತ್ತಾಳೆ. ಆದರೆ ಇಷ್ಟು ವರ್ಷಗಳಲ್ಲಿ ಅವಳು ಮರೆಯದೇ ಇರುವುದು ಕಾಯಿಲೆಯನ್ನಲ್ಲ, ಆ ಸುಳ್ಳನ್ನು. ಅವಳ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ, ನಮ್ಮ ದೇಶದಲ್ಲಿ ಮನೋರೋಗಿಗಳ ಹಕ್ಕುಗಳ ಚರಿತ್ರೆಯನ್ನು ಈ ಒಂದು ಪ್ರಶ್ನೆಯಿಂದಲೇ ಓದಬಹುದು ಅನ್ನಿಸಿತು. ಒಳಗೆ ಸೇರಿಸುವ ಕಾಗದದ ಮೇಲೆ ಸಹಿ ಯಾರದು?

1858ರಲ್ಲಿ, ಆಡಳಿತ ಕಂಪನಿಯ ಕೈಯಿಂದ ಬ್ರಿಟಿಷ್ ರಾಣಿಯ ಕೈಗೆ ಹೋದ ವರ್ಷವೇ, ಈ ಬಗ್ಗೆ ಮೂರು ಕಾಯ್ದೆಗಳು ಬಂದವು. ಎರಡು ಮುಖ್ಯವಾಗಿ ರೋಗಿಯ ಆಸ್ತಿಗೆ ಸಂಬಂಧಿಸಿದವು, ಒಂದು ಆಸ್ಪತ್ರೆಗೆ ಸೇರಿಸುವುದಕ್ಕೆ. ಇವುಗಳ ಜಾಗಕ್ಕೆ 1912ರ ಕಾಯ್ದೆ ಬಂತು. ಇದರಲ್ಲಿ ಒಳಗೆ ಹೋಗಲು ಮುಖ್ಯವಾಗಿ ಎರಡು ಬಾಗಿಲುಗಳು. ಗಂಡ, ಹೆಂಡತಿ ಅಥವಾ ಸಂಬಂಧಿಕರು ಎರಡು ವೈದ್ಯಕೀಯ ಪ್ರಮಾಣಪತ್ರಗಳ ಜೊತೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡುವುದು ಒಂದು. ಬೀದಿಯಲ್ಲಿ ಅಲೆಯುವವರನ್ನೋ ಅಪಾಯಕಾರಿ ಎನಿಸಿದವರನ್ನೋ ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದು ಇನ್ನೊಂದು. ಎರಡರಲ್ಲೂ ಕೊನೆಯ ಸಹಿ ಮ್ಯಾಜಿಸ್ಟ್ರೇಟರದೇ.

ಇದರ ಹಿಂದೆ ಇಂಗ್ಲೆಂಡಿನ 1890ರ ಕಾಯ್ದೆಯ ನೆರಳಿದೆ. ಬುದ್ಧಿ ಸರಿಯಿರುವವರನ್ನು ಆಸ್ತಿಗಾಗಿ ಮನೆಯವರೇ ಒಳಗೆ ಹಾಕಿಸಿಬಿಡುತ್ತಾರೆ ಎಂಬ ಭಯ ಅಲ್ಲಿ ದೊಡ್ಡದಾಗಿತ್ತು. ಹಾಗಾಗಿ ಕಾನೂನಿನ ರಕ್ಷಣೆಯೆಲ್ಲ ಹೆಚ್ಚಾಗಿ ಹೊಸ್ತಿಲಿನಲ್ಲೇ ನಿಂತಿತು. ಹೊಸ್ತಿಲು ದಾಟಿದವರ ಬದುಕು ಹೇಗಿರಬೇಕು ಎಂಬ ಮಾತು ಅದರಲ್ಲಿ ತೀರಾ ಕಡಿಮೆ. ಆದರೂ ಮೂಲೆಯಲ್ಲೊಂದು ಕಿಂಡಿಯಿತ್ತು: ಚಿಕಿತ್ಸೆ ಬೇಕೆನ್ನುವವರು ತಾವೇ ಲಿಖಿತ ಅರ್ಜಿ ಕೊಟ್ಟು, ಸಂದರ್ಶಕರ ಮಂಡಳಿಯ ಇಬ್ಬರ ಒಪ್ಪಿಗೆ ಪಡೆದು ಸೇರಬಹುದಿತ್ತು. ಹೋಗುತ್ತೇನೆಂದು ಬರೆದುಕೊಟ್ಟರೆ 24 ಗಂಟೆಯೊಳಗೆ ಬಿಡಬೇಕಿತ್ತು. ರೋಗಿಯ ಸಹಿಗೆ ಬೆಲೆಯಿದ್ದ ಜಾಗ ಅದೊಂದೇ.

ಆಸ್ಪತ್ರೆಗಳ ಹೆಸರುಗಳು ಕಾನೂನಿಗಿಂತ ಬೇಗ ಬದಲಾದವು. ಬೆಂಗಳೂರಿನ ಹಳೆಯ ಲೂನಾಟಿಕ್ ಅಸೈಲಮ್ 1925ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಗಿ, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಜನರ ಬಾಯಲ್ಲಿ ಮಾತ್ರ ಬಹಳ ಕಾಲ ‘ಹುಚ್ಚಾಸ್ಪತ್ರೆ’ಯಾಗಿಯೇ ಉಳಿಯಿತು. ಜನರನ್ನು ದೂರುವ ಹಾಗೂ ಇಲ್ಲ. ದೇಶದ ಕಾನೂನಿನಲ್ಲಿ ‘ಲೂನಾಟಿಕ್’ ಪದ 1993ರ ತನಕ ಹಾಗೆಯೇ ಇತ್ತು.

ಹೊಸ್ತಿಲು ದಾಟಿದವರನ್ನು ಕಾನೂನು ಹೇಗೆ ಮರೆಯಬಲ್ಲದು ಎಂಬುದಕ್ಕೆ ಅಸ್ಸಾಮಿನ ಮಚಲ್ ಲಾಲುಂಗ್ ಸಾಕ್ಷಿ. 1951ರಲ್ಲಿ ಬಂಧಿಸಿ ಅವರನ್ನು ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ ಅವರು ಚೆನ್ನಾಗಿದ್ದಾರೆಂದು ಆಸ್ಪತ್ರೆ ಹೇಳಿತು. ಆದರೆ ಅವರನ್ನು ಕಳಿಸಿದ್ದು ಮನೆಗಲ್ಲ, ಗುವಾಹಟಿಯ ಜೈಲಿಗೆ. ವಿಚಾರಣೆಯೇ ಇಲ್ಲದೆ 54 ವರ್ಷ ಕಳೆದ ಮೇಲೆ, 2005ರಲ್ಲಿ, ಮಾನವ ಹಕ್ಕುಗಳ ಆಯೋಗದ ಕಣ್ಣಿಗೆ ಬಿದ್ದು, ಒಂದು ರೂಪಾಯಿಯ ಬಾಂಡಿನ ಮೇಲೆ ಹೊರಬಂದರು. ಪಶ್ಚಿಮ ಬಂಗಾಳದ ಜೈಲುಗಳಲ್ಲೂ ಯಾವ ಅಪರಾಧವನ್ನೂ ಮಾಡದ ಮನೋರೋಗಿಗಳಿದ್ದರು. ಪತ್ರಕರ್ತೆ ಶೀಲಾ ಬರ್ಸೆ ಹೂಡಿದ ಮೊಕದ್ದಮೆಯಲ್ಲಿ, ಅಂಥವರನ್ನು ಜೈಲಿನಲ್ಲಿಡುವುದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿತು.

ಅದೇ 1993ರ ಏಪ್ರಿಲ್‌ನಲ್ಲಿ 1987ರ ಮಾನಸಿಕ ಆರೋಗ್ಯ ಕಾಯ್ದೆ ಜಾರಿಗೆ ಬಂತು. ರೋಗಿಗಳ ಮಾನವ ಹಕ್ಕುಗಳಿಗೆಂದೇ ಅದರಲ್ಲಿ ಒಂದು ಅಧ್ಯಾಯವಿತ್ತು. ಆ ಅಧ್ಯಾಯದಲ್ಲಿ ಇದ್ದದ್ದು ಒಂದೇ ಸೆಕ್ಷನ್. ಖಾಸಗಿ ಮನೋವೈದ್ಯಕೀಯ ಆಸ್ಪತ್ರೆಗಳಿಗೆ ಪರವಾನಗಿ ಕಡ್ಡಾಯವಾಯಿತು. ಸಹಿಯ ವಿಷಯದಲ್ಲಿ ಮಾತ್ರ ಒಂದು ವಿಚಿತ್ರ ನಡೆಯಿತು. ಒಪ್ಪಿಗೆ ಕೊಡದ ಅಥವಾ ಕೊಡಲಾಗದ ವ್ಯಕ್ತಿಯನ್ನು ಸಂಬಂಧಿಕರ ಅಥವಾ ಸ್ನೇಹಿತರ ಅರ್ಜಿ ಮತ್ತು ಇಬ್ಬರು ವೈದ್ಯರ ಪ್ರಮಾಣಪತ್ರದ ಮೇಲೆ 90 ದಿನಗಳವರೆಗೆ ಸೇರಿಸಿಕೊಳ್ಳಲು 19ನೇ ಸೆಕ್ಷನ್ ಅವಕಾಶ ಕೊಟ್ಟಿತು. ಈ ದಾರಿಯಲ್ಲಿ ಸೇರಿಸುವಾಗ ಮ್ಯಾಜಿಸ್ಟ್ರೇಟರ ಸಹಿ ಬೇಕಿರಲಿಲ್ಲ. ಬಿಡಿಸಿಕೊಳ್ಳಬೇಕೆಂದರೆ ಆಮೇಲೆ ಅವರಿಗೆ ಅರ್ಜಿ ಹಾಕಬೇಕಿತ್ತು. ಪರದೇಶದ ಸರ್ಕಾರದ ಕಾಯ್ದೆ ಮನೆಯವರನ್ನು ಅನುಮಾನದಿಂದ ನೋಡಿತ್ತು. ನಮ್ಮದೇ ಕಾಯ್ದೆ ಮನೆಯವರನ್ನು ನಂಬಿತು.

ಆ ನಂಬಿಕೆ ತಪ್ಪೆಂದು ಸಾರಾಸಗಟಾಗಿ ಹೇಳಲಾರೆ. ನಮ್ಮಲ್ಲಿ ಹೆಚ್ಚಿನ ರೋಗಿಗಳನ್ನು ನೋಡಿಕೊಳ್ಳುವವರು ಮನೆಯವರೇ. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಬಂಧುಗಳೂ ಇರುವಂತೆ ಮಾಡಿದಾಗ ಜನ ಬೇಗ ಗುಣವಾಗಿ ಮನೆಗೆ ಹೋದರು. ಆದರೆ ದಿಕ್ಕು ತೋಚದ ಮನೆಯವರೇ ತಮ್ಮವರನ್ನು ಏರ್ವಾಡಿಗೂ ಕರೆದೊಯ್ದರು. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಆ ದರ್ಗಾದ ಊರಿನಲ್ಲಿ ಪರವಾನಗಿಯಿಲ್ಲದ ಎಷ್ಟೋ ‘ಹೋಮ್’ಗಳಿದ್ದವು. 2001ರ ಆಗಸ್ಟ್ 6ರ ಬೆಳಗಿನ ಜಾವ ಅವುಗಳಲ್ಲೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದವರು ಎದ್ದು ಓಡುವ ಹಾಗಿರಲಿಲ್ಲ. 28 ಮಂದಿ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು.

2007ರಲ್ಲಿ ಭಾರತ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಯನ್ನು ಅನುಮೋದಿಸಿತು. ಅದಕ್ಕೆ ಹೊಂದುವ ಕಾನೂನು ಬೇಕಾಯಿತು. ಹಾಗೆ ಬಂದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಯಾವ ರೀತಿಯಲ್ಲೂ ಸರಪಳಿ ಹಾಕುವಂತಿಲ್ಲ, ಅರಿವಳಿಕೆಯಿಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವಂತಿಲ್ಲ. ರೋಗಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಒಪ್ಪಿಗೆಯಿಲ್ಲದ ದಾಖಲಾತಿಗೆ ಮೊದಲ ಮಿತಿ 30 ದಿನ. ಅದನ್ನು ಪ್ರಶ್ನಿಸಲು ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಅಧ್ಯಕ್ಷರಾಗಿರುವ ಪರಿಶೀಲನಾ ಮಂಡಳಿಯಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ 4ನೇ ಸೆಕ್ಷನ್. ಚಿಕಿತ್ಸೆಯ ಬಗ್ಗೆ ಒಬ್ಬರು ತೆಗೆದುಕೊಂಡ ನಿರ್ಧಾರ ಬೇರೆಯವರಿಗೆ ತಪ್ಪೆಂದು ಕಂಡ ಮಾತ್ರಕ್ಕೆ, ಅವರಿಗೆ ನಿರ್ಧರಿಸುವ ಶಕ್ತಿಯೇ ಇಲ್ಲ ಎಂದಾಗುವುದಿಲ್ಲ ಎನ್ನುತ್ತದೆ ಅದು. ಮುಂದೆ ಕಾಯಿಲೆ ಮರುಕಳಿಸಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಬಹುದು. ತುರ್ತು ಚಿಕಿತ್ಸೆಗೆ ಅದು ಅನ್ವಯಿಸುವುದಿಲ್ಲ. ತನ್ನ ಪರವಾಗಿ ಮಾತಾಡುವ ಪ್ರತಿನಿಧಿಯನ್ನೂ ರೋಗಿಯೇ ಆರಿಸಬಹುದು. ಅವರು ಸಂಬಂಧಿಕರೇ ಆಗಿರಬೇಕೆಂದಿಲ್ಲ. ಅದಕ್ಕೆ ಬೇಕಾದದ್ದು ಬಿಳಿ ಹಾಳೆಯ ಮೇಲೊಂದು ಬರಹ, ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ಯಾರನ್ನೂ ಹೆಸರಿಸದಿದ್ದರೆ ಆ ಜಾಗ ಸಂಬಂಧಿಕರಿಗೆ ಹೋಗುತ್ತದೆ.

ಕಾಯ್ದೆ ಬಂದ ಮಾತ್ರಕ್ಕೆ ಎಲ್ಲ ಸರಿಹೋಗಿಲ್ಲ. ಎಷ್ಟೋ ರಾಜ್ಯಗಳಲ್ಲಿ ಮಂಡಳಿ ರಚನೆಗೇ ವರ್ಷಗಳು ಹಿಡಿದವು. ಬಿಳಿ ಹಾಳೆಯ ವಿಷಯ ಗೊತ್ತಿರುವ ಮನೆಗಳು ಎಷ್ಟಿದ್ದಾವು?

ಸಂಕ್ರಾಂತಿಗೆ ಹೋದಾಗ ಇದನ್ನೆಲ್ಲ ಚಿಕ್ಕಮ್ಮನಿಗೆ ಹೇಳಿದೆ. 1999ರಲ್ಲಿ ಸಹಿ ಹಾಕಿದ್ದು ದೊಡ್ಡಮಾವನೇ ಇರಬೇಕು, ಆಗಿನ ಕಾನೂನಿನ ಪ್ರಕಾರ ಅದು ತಪ್ಪಾಗಿರಲಿಕ್ಕಿಲ್ಲ ಎಂದೂ ಹೇಳಿದೆ. “ಅಣ್ಣ ಕೆಟ್ಟದ್ದಕ್ಕೆ ಮಾಡ್ಲಿಲ್ಲ ಪುಟ್ಟಿ, ಕೇಳಬೇಕಿತ್ತು ಅಷ್ಟೇ,” ಅಂದಳು. ಆಮೇಲೆ ನನ್ನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿಸಿಕೊಂಡಳು. ನನ್ನ ಹೆಸರನ್ನೇ ಬರೆಯುತ್ತಾಳೆಂದು ಕಾದೆ. ಅವಳು ಹೇಳಿದ್ದು ಇಪ್ಪತ್ತು ವರ್ಷದಿಂದ ಜೊತೆಗೆ ಹೊಲಿಗೆ ಮಾಡುವ ಪಕ್ಕದ ಬೀದಿಯ ಗೆಳತಿಯ ಹೆಸರನ್ನು. ನನ್ನ ಮುಖ ನೋಡಿ ನಕ್ಕಳು.

“ನೀನು ಓದಿದವಳು, ನಿಜ. ಆದ್ರೆ ನೀನೂ ಮನೆಯವಳೇ ಅಲ್ವಾ?”

ಗೆಳತಿಯನ್ನು ಕರೆಸಿ ಒಪ್ಪಿಗೆ ಕೇಳಿದ ಮೇಲೆ, ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಸಹಿ ಹಾಕಿದಳು.