ಶೀರ್ ಖುರ್ಮಾದ ಹಿಂದಿನ ಚರಿತ್ರೆ

ರಮಝಾನ್ ಉಪವಾಸ ಕಡ್ಡಾಯವಾದದ್ದು ಹಿಜರಿ 2ರಲ್ಲಿ, ಅಂದರೆ ಕ್ರಿ.ಶ. 624ರಲ್ಲಿ. ಖರ್ಜೂರ ಮತ್ತು ಜವೆಗೋಧಿ ಆಗಿನ ಮದೀನಾದ ದಿನನಿತ್ಯದ ಆಹಾರ. ಈದುಲ್ ಫಿತ್ರ್‌ನ ಬೆಳಿಗ್ಗೆ ಪ್ರವಾದಿವರ್ಯರು(ಸ) ಬೆಸ ಸಂಖ್ಯೆಯಲ್ಲಿ ಖರ್ಜೂರ ತಿಂದೇ ನಮಾಝ್‌ಗೆ ಹೊರಡುತ್ತಿದ್ದರೆಂದು ಹಝ್ರತ್ ಅನಸ್(ರ) ವರದಿ ಮಾಡಿದ್ದಾರೆ. ತಿಂಗಳಿಡೀ ಹಗಲಲ್ಲಿ ದೂರವಿಟ್ಟಿದ್ದ ಆಹಾರ ಅಂದು ಮುಂಜಾನೆಯೇ ಬಾಯಿಗೆ ಬರುತ್ತಿತ್ತು.

ಆ ಸವಿ ಉಳ್ಳವರಿಗಷ್ಟೇ ಸೀಮಿತವಾಗಬಾರದು. ಹಾಗೆಂದೇ ಮನೆಯ ಪ್ರತಿಯೊಬ್ಬರ ಪರವಾಗಿ ಒಂದು ಸಾಅ್, ಅಂದರೆ ನಾಲ್ಕು ಬೊಗಸೆ ಖರ್ಜೂರ ಅಥವಾ ಜವೆಗೋಧಿಯನ್ನು ನಮಾಝ್‌ಗೆ ಮೊದಲೇ ಬಡವರಿಗೆ ತಲುಪಿಸುವ ಫಿತ್ರ್ ಝಕಾತ್ ವಿಧಿಸಲಾಯಿತು.

ನಮ್ಮ ಮನೆಗಳ ಶೀರ್ ಖುರ್ಮಾದ ಹೆಸರು ಪಾರ್ಸಿ ಭಾಷೆಯದು. ಶೀರ್ ಎಂದರೆ ಹಾಲು, ಖುರ್ಮಾ ಎಂದರೆ ಖರ್ಜೂರ. ಶಾವಿಗೆ, ಗೋಡಂಬಿ ಎಷ್ಟೇ ಸೇರಿದರೂ ಹೆಸರಿನಲ್ಲಿ ಉಳಿದಿರುವುದು ಖರ್ಜೂರವೇ. ವಿದ್ಯಾರ್ಥಿಗಳೇ, ಬಟ್ಟಲು ಕೈಗೆತ್ತಿಕೊಳ್ಳುವ ಮುನ್ನ ಬಡವರ ಪಾಲು ತಲುಪಿದೆಯೇ ಎಂದು ವಿಚಾರಿಸೋಣ.