ಕಿತ್ತೂರ ಸೀಮೆಯ ಓಲೆಕಾರರು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸುತ್ತಿನ ಹಳ್ಳಿಗಳಲ್ಲಿ ವಾಲೀಕಾರ ಎಂಬ ಅಡ್ಡಹೆಸರಿನ ಮನೆತನಗಳು ಅನೇಕವಿರುವವು. ಈ ಹೆಸರಿನ ಮೂಲವು ಓಲೆಕಾರ ಎಂಬ ಹಳೆಯ ಶಬ್ದವು; ಓಲೆಯನ್ನು ಒಯ್ದು ಮುಟ್ಟಿಸುವವನೆಂದು ಅದರ ಅರ್ಥ. ತಾಳೆಯ ಗರಿಯು ಹೋಗಿ ಕಾಗದವು ಬಂದಿತು. ಕಾಗದವೂ ಈಗ ಹಿಂದೆ ಸರಿಯುತ್ತಲಿದೆ. ಹೆಸರು ಮಾತ್ರ ಮನೆತನಗಳೊಡನೆ ಉಳಿದುಕೊಂಡಿದೆ. ನಾಡಿನ ಇತಿಹಾಸವನ್ನು ಬರೆದವರು ಓಲೆಯನ್ನು ಬರೆಯಿಸಿದವರ ಹಾಗೂ ಅದನ್ನು ಓದಿಕೊಂಡವರ ವಿಚಾರವನ್ನು ಸವಿಸ್ತರವಾಗಿ ಹೇಳಿರುತ್ತಾರೆ. ನಡುವಣ ದಾರಿಯನ್ನು ಕಾಲ್ನಡೆಯಿಂದ ಸವೆಯಿಸಿದವನ ವಿಚಾರವು ಅವರ ಗಮನಕ್ಕೆ ಬಂದಂತೆ ತೋರುವದಿಲ್ಲ. ಆದರೆ ಅವನಿಗೆ ಹೊಟ್ಟೆಗೆ ಏನು ಸಿಕ್ಕುತ್ತಿದ್ದಿತು, ಯಾರು ಕೊಡುತ್ತಿದ್ದರು, ಎಷ್ಟು ಕಾಲ ಕೊಟ್ಟರು ಎಂಬದನ್ನು ವಿಚಾರಿಸುತ್ತ ಹೋದರೆ ಈ ಸೀಮೆಯ ಇತಿಹಾಸದ ಕೆಲವು ದೊಡ್ಡ ಘಟನೆಗಳೇ ಬೇರೊಂದು ಬದಿಯಿಂದ ಕಾಣತೊಡಗುವವು.

ಹಿಂದಿನ ಗ್ರಾಮವ್ಯವಸ್ಥೆಯಲ್ಲಿ ವಾಲೀಕಾರನು ಗೌಡ-ಕುಲಕರ್ಣಿಯರ ಕೈಕೆಳಗಿನ ಸೇವಕನು. ರೈತರನ್ನು ಚಾವಡಿಗೆ ಕರೆತರುವದು, ಊರಿಂದೂರಿಗೆ ಸುದ್ದಿಯನ್ನು ಮುಟ್ಟಿಸುವದು, ವಸೂಲಾದ ಪಟ್ಟಿಯ ಹಣದೊಡನೆ ಕಚೇರಿಗೆ ನಡೆಯುವದು ಇವು ಅವನ ಕೆಲಸಗಳು. ಇದಕ್ಕೆ ತಿಂಗಳ ಪಗಾರವಿರಲಿಲ್ಲ; ಸೇವೆಯ ಬದಲಾಗಿ ಇನಾಮು ಹೊಲವೊಂದಿದ್ದಿತು, ಸುಗ್ಗಿಯಲ್ಲಿ ರೈತರ ಕಣದಿಂದ ಆಯವೂ ದೊರೆಯುತ್ತಿದ್ದಿತು. ಓಲೆಯಿದ್ದ ದಿನವೂ ಇಲ್ಲದ ದಿನವೂ ಹೊಲವು ಹೊಲವೇ. ಮಗನಿಗೆ ಅದು ತಂದೆಯಿಂದ ಬರುತ್ತಿದ್ದಿತು. ಅದರೊಡನೆ ಕೆಲಸದ ಬಂಧನವೂ ಬರುತ್ತಿದ್ದಿತು. ಈ ಪದ್ಧತಿಯನ್ನು ಸುವರ್ಣಯುಗವೆಂದು ಹೊಗಳುವ ಕಾರಣವಿಲ್ಲ. ಬಿಟ್ಟಿ ಚಾಕರಿಯೂ ಜಾತಿಯ ಕಟ್ಟೂ ಅದರಲ್ಲಿ ಸಾಕಷ್ಟು ಇದ್ದವು. ಆದರೂ ನಡೆಯುವವನ ಮನೆಗೆ ಒಂದು ನೆಲೆಯಿದ್ದಿತೆಂಬದನ್ನು ಮರೆಯುವಂತಿಲ್ಲ.

ಸಂಸ್ಥಾನಗಳ ಕೆಲಸಕ್ಕೆ ಇವರಲ್ಲದೆ ಜಾಸೂದರು, ಹರಕಾರರು ಎಂಬ ಬೇರೊಂದು ವರ್ಗದವರಿದ್ದರು. ಅವರು ಪತ್ರಗಳನ್ನು ಒಯ್ಯುವದರೊಡನೆ ಕಣ್ಣಿಗೆ ಬಿದ್ದ, ಕಿವಿಗೆ ಬಿದ್ದ ಸಂಗತಿಗಳನ್ನೂ ತಂದು ಒಪ್ಪಿಸುವರು. ಮೈಸೂರಿನ ಚಿಕ್ಕದೇವರಾಜ ಒಡೆಯನು (1673-1704) ನೆಲೆಗೊಳಿಸಿದ ಅಂಚೆಯಲ್ಲಿಯೂ ಈ ಎರಡು ಕೆಲಸಗಳು ಕೂಡಿಯೇ ಇದ್ದವು. ಮೈಸೂರಿನ ಆ ಅಂಚೆಯು 1889ರಲ್ಲಿ ಬ್ರಿಟಿಷರ ಪೋಸ್ಟಿನೊಡನೆ ಲೀನವಾಯಿತು. ಶಬ್ದವು ಮಾತ್ರ ಉಳಿದು ಇಡಿಯ ಕರ್ನಾಟಕದ್ದಾಯಿತು. ಮರಾಠರ ಹಾಗೂ ಮುಂಬಯಿ ಇಲಾಖೆಯ ಆಳಿಕೆಯಲ್ಲಿದ್ದ ಈ ಕಡೆಯವರ ಬಾಯಲ್ಲಿ ಟಪಾಲೆಂಬದೇ ರೂಢವಾದ ಮಾತು. 1800ರ ಜುಲೈ ಕಡೆಯಲ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿದ ಆರ್ಥರ್ ವೆಲ್ಲೆಸ್ಲಿಯು ಸವದತ್ತಿಯ ಹತ್ತಿರದ ಮುನವಳ್ಳಿಯ ಎದುರಿಗೆ ಮಲಪ್ರಭೆಯ ದಂಡೆಯಲ್ಲಿ ಅವನ ಸಾಮಾನು ಸರಂಜಾಮನ್ನು ಹಿಡಿದನು. ವೈರಿಯ ಸುದ್ದಿಗಾಗಿ ಹರಕಾರರನ್ನೇ ನಂಬಿ ನಡೆದವರಲ್ಲಿ ಅವನೂ ಒಬ್ಬನು. ಅವನ ಪತ್ರಗಳು ಅಚ್ಚಾಗಿ ಸಂಪುಟಗಳಾಗಿವೆ. ಆ ಹರಕಾರರ ಹೆಸರುಗಳನ್ನು ಬಲ್ಲವರಿಲ್ಲ.

ಇನ್ನು ಕಿತ್ತೂರ ವಿಷಯ. ಪುಣೆಯಿಂದ ಬೆಳಗಾವಿ, ಧಾರವಾಡಗಳ ಮೇಲೆ ಹರಿಹರಕ್ಕೆ ಹೋಗುವ ಹೆದ್ದಾರಿಯ ಮೇಲೆಯೇ ಕಿತ್ತೂರು ಇರುವದು. ಅಲ್ಲಿಂದ ಧಾರವಾಡಕ್ಕೆ ಸುಮಾರು 20 ಮೈಲಿ. ಮುಂಜಾನೆ ಹೊರಟವನು ಸಂಜೆಯೊಳಗಾಗಿ ನಡೆದು ಮುಟ್ಟುವ ದಾರಿ. ದೇಸಾಯಿ ಶಿವಲಿಂಗರುದ್ರ ಸರ್ಜನು 1824ರ ಸಪ್ಟಂಬರ 11ಕ್ಕೆ ಸಂತಾನವಿಲ್ಲದೆ ತೀರಿಕೊಂಡನು. ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡಿರುವದಾಗಿ ತಿಳಿಸುವ ದೇಸಾಯಿಯ ಪತ್ರವು ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜಂಟನೂ ಆಗಿದ್ದ ಥ್ಯಾಕರೆಯ ಕೈಗೆ ಮರಣದ ಸಂದರ್ಭದಲ್ಲಿ ಬಂದು ಮುಟ್ಟಿತು. ಅದರ ಮೇಲಿನ ತಾರೀಖು ಜುಲೈ ತಿಂಗಳಿನದು. ಸಹಿಯ ಮೇಲೆಯೂ ಥ್ಯಾಕರೆಗೆ ಸಂಶಯವು ಹುಟ್ಟಿತು. ದತ್ತಕವನ್ನು ಅವನು ಮಾನ್ಯಮಾಡಲಿಲ್ಲ; ಖಜಾನೆಗೆ ಮುದ್ರೆ ಹಾಕಿಸಿ ಕಾವಲಿಟ್ಟನು.

ಇಪ್ಪತ್ತು ಮೈಲಿಯ ದಾರಿಗೆ ಎರಡು ತಿಂಗಳು ಹಿಡಿದಿತೆಂದರೆ ನಡೆಯುವವನ ಕಾಲು ಸೋತಿತೆಂದು ಯಾರೂ ಹೇಳಲಾರರು. ಪತ್ರವನ್ನು ಬರೆದು ಇಟ್ಟುಕೊಂಡರೋ, ಕಳಿಸುವದೋ ಬೇಡವೋ ಎಂದು ಅರಮನೆಯಲ್ಲಿ ವಿಚಾರಿಸುತ್ತ ಕುಳಿತರೋ, ಅಥವಾ ಥ್ಯಾಕರೆಯು ಭಾವಿಸಿದಂತೆ ಹಿಂದಿನ ತಾರೀಖನ್ನು ಹಾಕಿ ಆಮೇಲೆ ಬರೆದರೋ ಎಂಬ ಚರ್ಚೆಯು ಈಗಲೂ ಮುಗಿದಿಲ್ಲ. ಪುಣೆಯಲ್ಲಿ ದಖ್ಖಣದ ಕಮಿಶನರನಾದ ಚಾಪ್ಲಿನನು ಇದ್ದನು. ಕಿತ್ತೂರಿಂದ ಅಲ್ಲಿಗೆ ಸುಮಾರು 240 ಮೈಲಿ. ಗಂಟೆಗೆ ನಾಲ್ಕು ಮೈಲಿಯಂತೆ ಹಗಲಿರುಳೂ ಕೈಯಿಂದ ಕೈಗೆ ಚೀಲವನ್ನು ದಾಟಿಸುತ್ತ ಹೋದರೆ ಎರಡೂವರೆ ದಿನ. ಹಳ್ಳಕೊಳ್ಳ, ನದಿಗಳ ತಡೆಯನ್ನು ಎಣಿಸಿ ಇದರ ಎರಡರಷ್ಟು ಹಿಡಿದರೂ ಐದು ದಿನ. ದೇಸಾಯಿಯ ಮರಣಕ್ಕೂ ಒಕ್ಟೋಬರ 23ರ ಕಾಳಗಕ್ಕೂ ನಡುವೆ 42 ದಿನಗಳಿದ್ದವು. ಪ್ರಶ್ನೆಯು ಹೋಗಿ ಉತ್ತರವು ಬರಲು, ಮತ್ತೊಮ್ಮೆ ಹೋಗಿ ಮತ್ತೊಮ್ಮೆ ಬರಲು ಸಹ, ಈ ಅವಧಿಯು ಸಾಕಾಗಿದ್ದಿತು. ರಾಣಿ ಚೆನ್ನಮ್ಮನು ಬರೆದ ಪತ್ರಗಳಲ್ಲಿ ಬಲವಿರಲಿಲ್ಲವೆಂದಲ್ಲ, ಒಯ್ದವರಲ್ಲಿ ಆಲಸ್ಯವಿದ್ದಿತೆಂದೂ ಅಲ್ಲ, ಓದುವವರಿಗೆ ಮನಸ್ಸಿರಲಿಲ್ಲ.

ಆ ದಿನ ಕೋಟೆಯ ಬಾಗಿಲ ಮುಂದೆ ಥ್ಯಾಕರೆಯು ಸತ್ತನು. ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಮುಂದಿನ ಆರು ವಾರಗಳಲ್ಲಿ ಕೋಟೆಗೂ ಕಂಪನಿಯವರಿಗೂ ನಡುವೆ ಪತ್ರಗಳು ಓಡಾಡಿದವು. ಎರಡು ದಂಡುಗಳ ನಡುವಿನ ಬಯಲಿನಲ್ಲಿ ಪತ್ರವನ್ನು ಹಿಡಿದುಕೊಂಡು ನಡೆಯುವದೆಂದರೆ ಎಂಥ ಕೆಲಸವೆಂಬದನ್ನು ವಾಚಕರೇ ಊಹಿಸಬಹುದು. ದಶಂಬರ 2ಕ್ಕೆ ಸೆರೆಯಾಳುಗಳ ಬಿಡುಗಡೆಯಾಯಿತು. 5ಕ್ಕೆ ಕೋಟೆಯು ಬಿದ್ದಿತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. 1829ರ ಫೆಬ್ರುವರಿಯಲ್ಲಿ ಆಕೆಯು ಅಲ್ಲಿಯೇ ದೇಹವಿಟ್ಟಳು. ಕಾವಲಿನೊಳಗಿದ್ದ ರಾಣಿಗೆ ಹೊರಗಿನ ಸುದ್ದಿಯನ್ನು ವೇಷ ಮರೆಸಿಕೊಂಡು ಬಂದವರು ಮುಟ್ಟಿಸುತ್ತಿದ್ದರೆಂದು ಜನಶ್ರುತಿಯುಂಟು. ಅದಕ್ಕೆ ಜನಶ್ರುತಿಗೆ ಕೊಡತಕ್ಕಷ್ಟೇ ಬೆಲೆಯನ್ನು ಕೊಡಬೇಕು.

ಸಂಗೊಳ್ಳಿ ರಾಯಣ್ಣನನ್ನು ಶೂರನೆಂದು ಎಲ್ಲರೂ ಬಲ್ಲರು. ಅವನು ಶೇತಸನದಿಯಾಗಿದ್ದನೆಂಬದನ್ನೂ ಪುಸ್ತಕಗಳು ಹೇಳುವವು. ಹೇಳಿ ಮುಂದಕ್ಕೆ ಹೋಗಿಬಿಡುವವು. ಆದರೆ ಆ ಮಾತಿನಲ್ಲಿಯೇ ವಿಷಯದ ತಿರುಳಿದೆ. ಮರಾಠಿಯಲ್ಲಿ ಶೇತವೆಂದರೆ ಹೊಲ, ಸನದೆಂದರೆ ಅಧಿಕಾರಪತ್ರ. ಸೇವೆಗಾಗಿ ಹೊಲದ ಸನದು ಪಡೆದವನೇ ಶೇತಸನದಿ. ಸಂಸ್ಥಾನದ ಕಾಲಕ್ಕೆ ಕರೆಬಂದಾಗ ಆಯುಧ ಹಿಡಿದು ಹೋಗುವದು, ಉಳಿದ ಕಾಲದಲ್ಲಿ ಊರ ಕಾವಲು, ಖಜಾನೆಯ ಹಣದ ಬೆಂಗಾವಲು, ಸರಕಾರದ ಹುಕುಮುಗಳನ್ನು ಒಯ್ಯುವದು ಅವನ ಹೊಣೆಯಾಗಿದ್ದಿತು. ಕಿತ್ತೂರು ಬಿದ್ದ ಬಳಿಕ ಕಂಪನಿಯವರು ಇಂಥ ಹೊಲಗಳ ಲೆಕ್ಕವನ್ನು ತೆಗೆದರು. ಕೆಲವನ್ನು ಕಸಿದುಕೊಂಡರು, ಕೆಲವುಗಳ ಮೇಲೆ ಭಾರವಾದ ಕರವನ್ನು ಹೊರಿಸಿದರು. ರಾಯಣ್ಣನ ಹೊಲಕ್ಕೂ ಇದೇ ಗತಿ ಒದಗಿತು. 1830ರ ಜನೇವರಿಯಲ್ಲಿ ಅವನ ಕಡೆಯವರು ಬೀಡಿಯ ಕಚೇರಿಗೆ ಬೆಂಕಿಯಿಟ್ಟರು. ಸಂಪಗಾವಿಯ ಕಚೇರಿಯೂ ಅವರ ದಾಳಿಗೆ ತುತ್ತಾಯಿತು. ಶಿವಲಿಂಗಪ್ಪನನ್ನು ಗದ್ದುಗೆಗೆ ಕೂಡಿಸಬೇಕೆಂಬದು ಅವನ ಉದ್ದೇಶವು ಹೌದು, ಅದನ್ನು ಕಡೆಗಣಿಸಬಾರದು. ಆದರೆ ನೂರಾರು ಜನರು ಅವನ ಬೆನ್ನಿಗೆ ನಿಂತದ್ದು ಒಬ್ಬ ಹುಡುಗನ ಗದ್ದುಗೆಗಾಗಿಯೇ ಎಂದು ತಿಳಿಯುವದು ಕಠಿಣ. ಸುಟ್ಟದ್ದು ಕಚೇರಿಗಳನ್ನು, ಕಚೇರಿಯಲ್ಲಿದ್ದವು ದಫ್ತರಗಳು, ದಫ್ತರದಲ್ಲಿದ್ದದ್ದು ಹೊಲಗಳ ಲೆಕ್ಕವು. 1831ರ ಜನೇವರಿಯಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಆಮೇಲೆ ಬಂದದ್ದು ಪಗಾರದ ಯುಗ. 1837ರ ಕಾಯದೆಯಿಂದ ಕಂಪನಿಯ ಮುಲುಖಿನಲ್ಲಿ ಟಪಾಲಿನ ಏಕಸ್ವಾಮ್ಯವು ಸರಕಾರದ್ದಾಯಿತು. 1854ರ ಒಕ್ಟೋಬರ 1ರಿಂದ ಕಾಲು ತೊಲೆಯ ಪತ್ರವು ಅರ್ಧ ಆಣೆಯ ಟಿಕೀಟಿನಿಂದ ಹಿಂದುಸ್ಥಾನದ ಯಾವ ಮೂಲೆಗಾದರೂ ಹೋಗತೊಡಗಿತು. 1879ರಲ್ಲಿ ಕಾಲಾಣೆಯ ಕಾರ್ಡೂ ಮರುವರ್ಷ ಮನಿಆರ್ಡರೂ ಬಂದವು. ಖಡೀಕರಣವಾದ ಹೆದ್ದಾರಿಗಳ ಮೇಲೆ ಕುದುರೆಯ ಗಾಡಿ, ಅದರ ಹಿಂದೆ ರೇಲ್ವೆ. ಆದರೆ ರೇಲ್ವೆಯು ಈ ನಾಲ್ಕೂ ಊರುಗಳನ್ನು ಮುಟ್ಟದೆಯೇ ಲೋಂಡೆಯ ಮೇಲೆ ಹಾಯ್ದುಹೋಯಿತು. ಇಂಥ ಪ್ರದೇಶದಲ್ಲಿ ಚೀಲವು ಮನುಷ್ಯನ ಹೆಗಲಿನ ಮೇಲೆಯೇ ಉಳಿಯಿತು. ಕೋಲಿನ ತುದಿಗೆ ಈಟಿಯ ಮೊನೆ, ಅದಕ್ಕೆ ಕಟ್ಟಿದ ಗೆಜ್ಜೆ. ಗೆಜ್ಜೆಯ ದನಿಗೆ ಹಾವು-ಹುಳಗಳು ದೂರ ಸರಿಯುವವು, ಮುಂದಿನ ಠಾಣೆಯವನು ಎಚ್ಚತ್ತು ನಿಲ್ಲುವನು. ಅಮೇರಿಕೆಯ ಪೋನಿ ಎಕ್ಸ್‌ಪ್ರೆಸ್ ಸವಾರರ ಕೀರ್ತಿಯು ಜಗತ್ತಿನಲ್ಲೆಲ್ಲ ಹಬ್ಬಿದೆ. ಅದು 1860ರ ಎಪ್ರಿಲದಲ್ಲಿ ಹುಟ್ಟಿ 1861ರ ಒಕ್ಟೋಬರದಲ್ಲಿ ತಂತಿಯ ಮುಂದೆ ಸೋತು ಮುಚ್ಚಿಹೋಯಿತು. ನಮ್ಮ ಟಪಾಲಿನವನು ತಂತಿ ಬಂದರೂ ರೇಲು ಬಂದರೂ ನೂರು ವರ್ಷ ಓಡಿದನು; ಅವನ ಮೇಲೆ ಕತೆಗಳು ಹುಟ್ಟಿದ್ದು ಕಡಿಮೆ.

ಪತ್ರವು ಯಾರ ಪ್ರಾಣಕ್ಕೆ ಎರವಾಗುವದೆಂಬದು ಒಯ್ಯುವವನಿಗೆ ತಿಳಿಯುತ್ತಿರಲಿಲ್ಲ. ನರಗುಂದದ ಬಾಬಾಸಾಹೇಬನು ಬಂಡಾಯಕ್ಕೆ ಕೂಡಿಕೊಳ್ಳಲು ಕರೆಯುತ್ತ ರಾಮದುರ್ಗದ ಅಧಿಪತಿಯಾದ ತನ್ನ ಮಲಸೋದರನಿಗೆ ಪತ್ರ ಬರೆದಿದ್ದನು. 1858ರ ಮೇ ಕಡೆಯಲ್ಲಿ ಪೊಲಿಟಿಕಲ್ ಏಜಂಟನಾದ ಮ್ಯಾನ್ಸನ್ನನು ರಾಮದುರ್ಗಕ್ಕೆ ಬಂದಾಗ ಆ ಸೋದರನು ಪತ್ರವನ್ನು ಅವನಿಗೆ ತೋರಿಸಿಬಿಟ್ಟನು. ಮ್ಯಾನ್ಸನ್ನನು ಮುಂದೆ ಸುರೇಬಾನದಲ್ಲಿ ತಂಗಿದನು. ಅಲ್ಲಿಯೇ ಮೇ 29ರ ರಾತ್ರಿ ಬಾಬಾಸಾಹೇಬನ ಕಡೆಯವರಿಂದ ಕೊಲ್ಲಲ್ಪಟ್ಟನು. ನರಗುಂದವು ಕೆಲವೇ ದಿನಗಳಲ್ಲಿ ಕಂಪನಿಯ ವಶವಾಯಿತು, ಬಾಬಾಸಾಹೇಬನಿಗೆ ಗಲ್ಲಾಯಿತು. ರಾಮದುರ್ಗವು ಸಂಸ್ಥಾನವಾಗಿ 1948ರ ವರೆಗೂ ಬಾಳಿತು.

ಊರ ವಾಲೀಕಾರನ ಹೊಲವು ಮಾತ್ರ ಬಹುಕಾಲ ಉಳಿದುಕೊಂಡಿದ್ದಿತು. 1874ರ ವತನು ಕಾಯದೆಯು ಅದಕ್ಕೆ ಲೆಕ್ಕವನ್ನಿಟ್ಟಿತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯದೆಯು 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು ವಂಶಪರಂಪರೆಯ ಚಾಕರಿಯನ್ನು ಕೊನೆಗಾಣಿಸಿತು. ಹೊಲವನ್ನು ಹಣ ತುಂಬಿಸಿಕೊಂಡು ಅದೇ ಮನೆತನಕ್ಕೆ ಮರಳಿ ಕೊಡುವ ಏರ್ಪಾಟನ್ನೂ ಮಾಡಿತು. ಬಿಟ್ಟಿಯು ಹೋದದ್ದು ಒಳ್ಳೆಯದೇ ಆಯಿತು. ಇತ್ತ ಟಪಾಲು ಖಾತೆಯಲ್ಲಿ ಪೂರ್ಣ ಪಗಾರವು ಎಲ್ಲರ ಪಾಲಿಗೂ ಬರಲಿಲ್ಲ. ಹಳ್ಳಿಯ ಚೀಲವನ್ನು ಹೊತ್ತವರು ಖಾತೆಯ ಹೊರಗಿನವರೆಂದು ಎಣಿಸಲ್ಪಟ್ಟರು. ಇವರದೂ ನಾಗರಿಕ ಹುದ್ದೆಯೇ ಎಂದು ಸುಪ್ರೀಂ ಕೋರ್ಟು 1977ರಲ್ಲಿ ತೀರ್ಪಿತ್ತಿತು. ಆದರೂ ಗ್ರಾಮೀಣ ಡಾಕ್ ಸೇವಕರೆಂದು ಕರೆಯಲ್ಪಡುವ ಇವರು ಇಂದಿಗೂ ಗಂಟೆಗಳ ಲೆಕ್ಕದ ಭತ್ಯೆಯ ಮೇಲೆಯೇ ಕೆಲಸ ಮಾಡುವರು. ತಂತಿಯು 2013ರ ಜುಲೈಯಲ್ಲಿ ನಿಂತಿತು. ರಜಿಸ್ಟರ್ ಟಪಾಲು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಕೂಡಿಹೋಯಿತು.

ಓಲೆಕಾರನು ಮಾತ್ರ ಕಾಣೆಯಾಗಿಲ್ಲ. ಅವನು ಮೋಟಾರು ಸೈಕಲ್ಲನ್ನೇರಿ ಶಹರ ಸೇರಿದ್ದಾನೆ. ಬೆಂಗಳೂರಿನಲ್ಲಿ 2014-15ರ ಸುಮಾರಿಗೆ ಹುಟ್ಟಿದ ಸ್ವಿಗ್ಗಿ, ಡಂಜೊ ಮೊದಲಾದ ಕಂಪನಿಗಳು ಊಟ, ಔಷಧಿ, ಕಾಗದಪತ್ರ, ಮರೆತುಬಂದ ಕೀಲಿಕೈ ಇತ್ಯಾದಿಗಳನ್ನು ಮನೆಬಾಗಿಲಿಗೆ ಮುಟ್ಟಿಸುವದನ್ನೇ ಉದ್ಯೋಗವಾಗಿ ಮಾಡಿದವು. ಇವುಗಳಲ್ಲಿ ಡಂಜೊ 2025ರ ಆರಂಭದಲ್ಲಿ ನಿಂತುಹೋಯಿತು. ಮಳೆ ಕೈಕೊಟ್ಟ ವರ್ಷ, ಇಲ್ಲವೆ ಮಲಪ್ರಭೆಯು ಉಕ್ಕಿ ಹರಿದ ವರ್ಷ, ಉತ್ತರ ಕರ್ನಾಟಕದ ಹಳ್ಳಿಗಳ ತರುಣರು ಇಂಥ ಕೆಲಸಕ್ಕೆ ಬೆಂಗಳೂರು, ಪುಣೆಗಳ ದಾರಿ ಹಿಡಿಯುವದು ಈಗ ಹೊಸ ಮಾತಲ್ಲ. ಗಾಡಿಯು ಅವನದು, ಪೆಟ್ರೋಲು ಅವನದು, ಗಾಡಿಯ ಸಾಲದ ಕಂತೂ ಅವನದು. ಪಗಾರವೆಂಬದಿಲ್ಲ, ಒಂದೊಂದು ಖೇಪಿಗೆ ಇಷ್ಟೆಂದು ದುಡ್ಡು. ಎಷ್ಟು ಹೊತ್ತಿಗೆ ಮುಟ್ಟಬೇಕೆಂಬದನ್ನು ಕೈಯೊಳಗಿನ ಮೊಬೈಲು ಹೇಳುವದು. ಮಳೆಯಲ್ಲಿ ಸಿಲ್ಕ್ ಬೋರ್ಡಿನ ಚೌಕದಲ್ಲಿ ಸಿಕ್ಕಿಬಿದ್ದರೆ ಗಿರಾಕಿಯ ಸಿಟ್ಟಿಗೆ ಅವನೇ ಗುರಿ. ಹಿಂದಿನ ಟಪಾಲಿನವನು ನದಿಯು ತುಂಬಿ ಬಂದರೆ ದಂಡೆಯ ಮೇಲೆ ಕಾಯ್ದು ಕೂಡ್ರಬಹುದಾಗಿದ್ದಿತು, ಆ ದಿನದ ಪಗಾರಕ್ಕೆ ಚ್ಯುತಿಯಿರಲಿಲ್ಲ. ಇವನಿಗೆ ಆ ಅವಕಾಶವಿಲ್ಲ. ನಿಂತ ಗಾಡಿಗೆ ಕವಡೆಯೂ ಹುಟ್ಟುವದಿಲ್ಲ. ಇಂಥ ಬಿಡಿಗೆಲಸದವರು 2020-21ರಲ್ಲಿ ಇಡಿಯ ದೇಶದಲ್ಲಿ ಸುಮಾರು 77 ಲಕ್ಷ ಜನರಿದ್ದರೆಂದು ನೀತಿ ಆಯೋಗವು 2022ರಲ್ಲಿ ಅಂದಾಜು ಮಾಡಿತು. 2029-30ಕ್ಕೆ ಅವರು 2.35 ಕೋಟಿಯಾಗುವರೆಂದೂ ಹೇಳಿತು.

ಇವರನ್ನು ನೌಕರರೆಂದು ಕರೆಯಲು ಕಂಪನಿಗಳು ಒಪ್ಪುವದಿಲ್ಲ. ಪಾಲುದಾರರೆಂಬ ದೊಡ್ಡ ಹೆಸರನ್ನಿತ್ತಿವೆ. ಶೇತಸನದಿಗೆ ಹೆಸರಿನೊಡನೆ ಹೊಲವೂ ಇದ್ದಿತು. ಅಸ್ತು. ರಾಜಸ್ಥಾನವು 2023ರಲ್ಲಿ ಈ ವಿಷಯದಲ್ಲಿ ಮೊದಲನೆಯ ಕಾಯದೆಯನ್ನು ಮಾಡಿತು. ಅದೇ ವರ್ಷ ಕರ್ನಾಟಕವು ಇವರಿಗಾಗಿ 4 ಲಕ್ಷ ರೂಪಾಯಿಗಳ ವಿಮೆಯನ್ನು ಸಾರಿತು. 2025ರಲ್ಲಿ ಸ್ವತಂತ್ರ ಕಾಯದೆಯನ್ನು ತಂದಿತು. ಅದರಂತೆ ಕೆಲಸಗಾರನ ಹೆಸರು ಕಲ್ಯಾಣ ಮಂಡಳಿಯಲ್ಲಿ ದಾಖಲಾಗಬೇಕು. ಪ್ರತಿ ಖೇಪಿಗೆ ಅವನಿಗೆ ಸಲ್ಲುವ ಮೊತ್ತದ ಮೇಲೆ ನೂರಕ್ಕೆ 1ರಿಂದ 5ರ ವರೆಗೆ ಕಂಪನಿಯು ಮಂಡಳಿಗೆ ತುಂಬಬೇಕು. ಬರಹದಲ್ಲಿ ಕಾರಣ ತಿಳಿಸದೆ, 14 ದಿನಗಳ ಮುನ್ಸೂಚನೆ ಕೊಡದೆ, ಸಾಮಾನ್ಯವಾಗಿ ಅವನನ್ನು ತೆಗೆದುಹಾಕುವಂತಿಲ್ಲ. ವಾಲೀಕಾರ ಮನೆತನದ ತರುಣನೊಬ್ಬನು ಈ ದಾಖಲೆಗೆ ಹೆಸರು ಕೊಡಲು ಹೋದರೆ ಅವನ ಅಡ್ಡಹೆಸರಿನ ಅರ್ಥವನ್ನು ಅಲ್ಲಿ ಯಾರೂ ಕೇಳಲಿಕ್ಕಿಲ್ಲ. ಊರಲ್ಲಿ ಹಿರಿಯರು ಮಾತ್ರ ಮರಳಿ ಪಡೆದ ಆ ನಾಲ್ಕೆಕರೆಗೆ ಇನ್ನೂ ವಾಲೀಕಾರಕಿಯ ಹೊಲವೆಂದೇ ಅನ್ನುವರು.